ಹಾರಾಟದ ವೇಳೆ ವಿಮಾನದ ಮೇಲೆ ಮಂಜುಗಡ್ಡೆ ಕಟ್ಟುವುದು ಮತ್ತು ಪೈಲಟ್‌ಗಳು ಕೈಗೊಳ್ಳುವ ಕ್ರಮಗಳು: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಮಳೆ ಕೈಕೊಟ್ಟ ವರ್ಷಗಳಲ್ಲಿ ಮೋಡಬಿತ್ತನೆ ಕೈಗೊಳ್ಳುವಂತೆ ಕೋರಿ ಸಾರ್ವಜನಿಕರು ಮನವಿ ಸಲ್ಲಿಸುವುದು ಸಹಜ. ಬಿತ್ತನೆ ನಡೆದ ದಿನಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಯೊಂದಿದೆ. "ನಮ್ಮೂರ ಮೇಲೆ ಕಪ್ಪು ಮೋಡ ದಟ್ಟವಾಗಿ ನಿಂತಿತ್ತು. ವಿಮಾನವೂ ಬಂದಿತ್ತು. ಆದರೆ ಮೋಡದೊಳಗೆ ಹೋಗದೆ ಅಂಚಿನಿಂದಲೇ ತಿರುಗಿ ಹೋಯಿತು. ಏಕೆ?" ಎಂಬುದೇ ಆ ಪ್ರಶ್ನೆ. ಇದಕ್ಕೆ ಉತ್ತರ ಕಡತಗಳಲ್ಲಿಲ್ಲ. ಮೋಡದೊಳಗಿನ ನೀರಿನ ಗುಣದಲ್ಲಿದೆ. ಬಿತ್ತನೆಗೆ ಯಾವ ಬಗೆಯ ನೀರು ಬೇಕೋ ಅದೇ ನೀರು ವಿಮಾನದ ರೆಕ್ಕೆಯ ಮೇಲೆ ಮಂಜುಗಡ್ಡೆಯಾಗಿ ಕಟ್ಟಿ ಅಪಾಯವನ್ನು ತಂದೊಡ್ಡುತ್ತದೆ. ವೈಮಾನಿಕ ಪರಿಭಾಷೆಯಲ್ಲಿ ಇದನ್ನು ಐಸಿಂಗ್ ಎನ್ನಲಾಗುತ್ತದೆ. ಈ ಅಪಾಯವನ್ನು ಪೈಲಟ್‌ಗಳು ಹೇಗೆ ಗುರುತಿಸುತ್ತಾರೆ, ಹೇಗೆ ನಿಭಾಯಿಸುತ್ತಾರೆ ಹಾಗೂ ಯಾವಾಗ ಹಿಂದಿರುಗುತ್ತಾರೆ ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

1. ಹಿನ್ನೆಲೆ

ಗದಗದಿಂದ ಸುಮಾರು 12 ಕಿ.ಮೀ. ದೂರದಲ್ಲಿರುವ ಲಕ್ಕುಂಡಿ ಗ್ರಾಮವು ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯಗಳಿಗೆ ಎಷ್ಟು ಹೆಸರಾಗಿದೆಯೋ ಮೆಟ್ಟಿಲು ಬಾವಿಗಳಿಗೂ ಅಷ್ಟೇ ಹೆಸರಾಗಿದೆ. ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತು ಈ ಭಾಗದಲ್ಲಿ ಇಂದಿಗೂ ಬಳಕೆಯಲ್ಲಿದೆ. ಸುರಿದ ಮಳೆಯನ್ನು ಕಾಪಿಟ್ಟುಕೊಳ್ಳಬೇಕಾದ ಅಗತ್ಯ ಇಲ್ಲಿ ಸಾವಿರ ವರ್ಷಗಳ ಹಿಂದೆಯೂ ಇತ್ತು. ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ಈ ಪ್ರದೇಶದಲ್ಲಿ ವಾರ್ಷಿಕ ಮಳೆಯು 600 ಮಿ.ಮೀ. ಆಸುಪಾಸಿನಲ್ಲಿದೆ. ಕಪ್ಪು ಮಣ್ಣಿನ ಹೊಲಗಳಲ್ಲಿ ಜೂನ್ ತಿಂಗಳಲ್ಲಿ ಬಿತ್ತಿದ ಹೆಸರು ಬೆಳೆಗೆ ಜುಲೈ ತಿಂಗಳಲ್ಲಿ ಎರಡು ವಾರ ಮಳೆ ತಪ್ಪಿದರೂ ಇಳುವರಿ ಕುಸಿಯುತ್ತದೆ.

ಕರ್ನಾಟಕದಲ್ಲಿ 2003ರಲ್ಲಿ "ವರುಣ" ಹೆಸರಿನಲ್ಲಿ ಮೋಡಬಿತ್ತನೆ ಕೈಗೊಳ್ಳಲಾಗಿತ್ತು. ತದನಂತರ 2017ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವತಿಯಿಂದ "ವರ್ಷಧಾರಿ" ಯೋಜನೆಯನ್ನು ಕೈಗೊಂಡು, ದಿನಾಂಕ 21.08.2017ರಂದು ಬೆಂಗಳೂರಿನ ಜಕ್ಕೂರು ವಿಮಾನ ನೆಲೆಯಲ್ಲಿ ಚಾಲನೆ ನೀಡಲಾಯಿತು. ಮೋಡಗಳ ಇರುವನ್ನು ಅಳೆಯುವ ಸಲುವಾಗಿ ಬೆಂಗಳೂರು, ಗದಗ ಹಾಗೂ ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ರಾಡಾರ್‌ಗಳನ್ನು ಸ್ಥಾಪಿಸಲಾಗಿತ್ತು. 2019ರಲ್ಲಿ ಹುಬ್ಬಳ್ಳಿ ವಿಮಾನ ನಿಲ್ದಾಣದಿಂದಲೂ ಬಿತ್ತನೆ ಹಾರಾಟಗಳು ನಡೆದವು. ಹೀಗಾಗಿ ಈ ಭಾಗದ ಜನರಿಗೆ ಮೋಡದ ಬಳಿ ಸುತ್ತುವ ಸಣ್ಣ ವಿಮಾನ ಅಪರಿಚಿತವಲ್ಲ.

2. ಮೋಡದೊಳಗಿನ ಅತಿಶೀತಲ ನೀರು

ನೀರು ಶೂನ್ಯ ಡಿಗ್ರಿ ಸೆಲ್ಸಿಯಸ್‌ಗೆ ಹೆಪ್ಪುಗಟ್ಟುತ್ತದೆ ಎಂದು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ಆದರೆ ಮೋಡದೊಳಗಿನ ಅತಿ ಸಣ್ಣ ಹನಿಗಳು ಈ ನಿಯಮಕ್ಕೆ ಒಡನೆ ಮಣಿಯುವುದಿಲ್ಲ. ಹಾಲು ಮೊಸರಾಗಲು ಹೆಪ್ಪು ಬೇಕಾಗುವಂತೆ, ಹನಿಯು ಗಡ್ಡೆಯಾಗಲು ಅದಕ್ಕೊಂದು ಕಣದ ಆಸರೆ ಬೇಕಾಗುತ್ತದೆ. ಅಂತಹ ಕಣ ದೊರೆಯದಿದ್ದಲ್ಲಿ ಹನಿಯು ಶೂನ್ಯಕ್ಕಿಂತ 10 ಅಥವಾ 20 ಡಿಗ್ರಿ ಕೆಳಗಿನ ಉಷ್ಣಾಂಶದಲ್ಲಿಯೂ ದ್ರವರೂಪದಲ್ಲಿಯೇ ಉಳಿಯಬಲ್ಲದು. ಸುಮಾರು ಮೈನಸ್ 40 ಡಿಗ್ರಿ ತಲುಪಿದಾಗ ಮಾತ್ರ ಯಾವ ಆಸರೆಯೂ ಇಲ್ಲದೆ ಹೆಪ್ಪುಗಟ್ಟುತ್ತದೆ. ಹೀಗೆ ಶೂನ್ಯಕ್ಕಿಂತ ಕೆಳಗಿದ್ದರೂ ದ್ರವವಾಗಿಯೇ ಇರುವ ನೀರನ್ನು ಅತಿಶೀತಲ ನೀರು ಎನ್ನಲಾಗುತ್ತದೆ.

ಮೋಡಬಿತ್ತನೆಯಲ್ಲಿ ಸಿಲ್ವರ್ ಅಯೋಡೈಡ್ ಕಣಗಳು ಈ ಹನಿಗಳಿಗೆ ಹೆಪ್ಪಿನ ಕೆಲಸ ಮಾಡುತ್ತವೆ. ಆದರೆ ಅದೇ ಮೋಡದೊಳಗೆ ವಿಮಾನವು ಪ್ರವೇಶಿಸಿದಾಗ ಅದರ ರೆಕ್ಕೆಯೇ ಹೆಪ್ಪಾಗಿ ಪರಿಣಮಿಸುತ್ತದೆ. ಹನಿಯು ರೆಕ್ಕೆಗೆ ತಾಗಿದ ಕ್ಷಣದಲ್ಲಿಯೇ ಗಟ್ಟಿಯಾಗತೊಡಗುತ್ತದೆ.

ಬಿಸಿಲಿನ ನಾಡಾದ ಗದಗದ ಮೇಲೆ ಇಂತಹ ಚಳಿ ಎಲ್ಲಿಂದ ಬಂತು ಎಂಬ ಸಂದೇಹ ಉಂಟಾಗಬಹುದು. ಇದಕ್ಕೆ ಸರಳ ಲೆಕ್ಕವೊಂದಿದೆ. ಮೇಲೇರಿದಂತೆಲ್ಲ ಪ್ರತಿ 1 ಕಿ.ಮೀ.ಗೆ ಸರಾಸರಿ 6.5 ಡಿಗ್ರಿಯಷ್ಟು ಉಷ್ಣಾಂಶ ಇಳಿಯುತ್ತದೆ. ಗದಗ ಪ್ರದೇಶವು ಸಮುದ್ರಮಟ್ಟದಿಂದ ಸುಮಾರು 650 ಮೀ. ಎತ್ತರದಲ್ಲಿದೆ. ನೆಲದ ಮೇಲೆ 28 ಡಿಗ್ರಿ ಇದ್ದಲ್ಲಿ, ನೆಲದಿಂದ ಸುಮಾರು 4.3 ಕಿ.ಮೀ. ಮೇಲೆ, ಎಂದರೆ ಸಮುದ್ರಮಟ್ಟದಿಂದ ಸರಿಸುಮಾರು 5 ಕಿ.ಮೀ. (16,500 ಅಡಿ) ಎತ್ತರದಲ್ಲಿ ಉಷ್ಣಾಂಶ ಶೂನ್ಯಕ್ಕೆ ಬರುತ್ತದೆ. ಮುಂಗಾರಿನ ದಿನಗಳಲ್ಲಿ ದಕ್ಷಿಣ ಭಾರತದ ಮೇಲೆ ಶೂನ್ಯಮಟ್ಟವು ಸಾಮಾನ್ಯವಾಗಿ ಇದರ ಆಸುಪಾಸಿನಲ್ಲಿಯೇ ಇರುತ್ತದೆ. ಬಲವಾಗಿ ಬೆಳೆದ ಮಳೆಮೋಡದ ತಲೆಯು 10 ಕಿ.ಮೀ.ಗೂ ಮೇಲಕ್ಕೆ ಹೋಗುತ್ತದೆಯಾದ್ದರಿಂದ ಅದರ ಅರ್ಧಕ್ಕೂ ಹೆಚ್ಚು ಭಾಗ ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿಯೇ ಇರುತ್ತದೆ.

ಇದಕ್ಕೆ ಸಾಕ್ಷಿಯನ್ನು ರೈತರು ಅಂಗೈಯಲ್ಲಿ ಹಿಡಿದು ನೋಡಿದ್ದಾರೆ. ಏಪ್ರಿಲ್ ಮತ್ತು ಮೇ ತಿಂಗಳ ಅಡ್ಡಮಳೆಯಲ್ಲಿ ಬೀಳುವ ಆಲಿಕಲ್ಲು ರೂಪುಗೊಳ್ಳುವುದು ಇದೇ ಅತಿಶೀತಲ ನೀರಿನಿಂದ. ಆಲಿಕಲ್ಲನ್ನು ಒಡೆದು ನೋಡಿದಲ್ಲಿ ಬಿಳಿಯ ಪದರ, ಗಾಜಿನಂತಹ ಪದರ ಒಂದರ ಮೇಲೊಂದು ಕಂಡುಬರುತ್ತವೆ. ವಿಮಾನದ ರೆಕ್ಕೆಯ ಮೇಲೆ ಕಟ್ಟುವುದೂ ಇವೇ ಎರಡು ಬಗೆಯ ಗಡ್ಡೆ.

3. ಮಂಜುಗಡ್ಡೆಯ ವಿಧಗಳು

(ಅ) ಬಿಳಿಗಡ್ಡೆ: ಹನಿಗಳು ಬಹಳ ಸಣ್ಣವಾಗಿದ್ದು, ಉಷ್ಣಾಂಶ ಬಹಳ ಕಡಿಮೆ ಇದ್ದಾಗ, ತಾಗಿದ ಕೂಡಲೇ ಗಟ್ಟಿಯಾಗುತ್ತವೆ. ಹನಿಗಳ ನಡುವೆ ಗಾಳಿ ಸಿಲುಕುವುದರಿಂದ ಗಡ್ಡೆಯು ಬಿಳಿಯಾಗಿ, ಒರಟಾಗಿ, ಹಗುರವಾಗಿರುತ್ತದೆ. ಇದು ಬಹುತೇಕ ರೆಕ್ಕೆಯ ಮುಂದಿನ ಅಂಚಿನಲ್ಲಿಯೇ ಕಟ್ಟುತ್ತದೆ.

(ಆ) ಗಾಜುಗಡ್ಡೆ: ಹನಿಗಳು ದೊಡ್ಡವಾಗಿದ್ದು, ಉಷ್ಣಾಂಶ ಶೂನ್ಯಕ್ಕೆ ಸಮೀಪವಿದ್ದಾಗ, ತಾಗಿದ ಹನಿಯ ಒಂದಂಶ ಗಟ್ಟಿಯಾಗಿ ಉಳಿದುದು ರೆಕ್ಕೆಯ ಮೇಲೆ ಹಿಂದಕ್ಕೆ ಹರಿಯುತ್ತಾ ಗಟ್ಟಿಯಾಗುತ್ತದೆ. ಇದು ಪಾರದರ್ಶಕವಾಗಿದ್ದು ಕಣ್ಣಿಗೆ ಬೇಗ ಕಾಣುವುದಿಲ್ಲ. ಭಾರವಾಗಿಯೂ ಬಿಗಿಯಾಗಿಯೂ ಅಂಟಿಕೊಳ್ಳುತ್ತದೆ. ಎರಡರಲ್ಲಿ ಇದೇ ಹೆಚ್ಚು ಅಪಾಯಕಾರಿ.

(ಇ) ಮಿಶ್ರಗಡ್ಡೆ: ಮೇಲ್ಕಂಡ ಎರಡೂ ಬೆರೆತು ಕಟ್ಟುವುದು. ಏರಿಳಿತದ ಗಾಳಿಯಿರುವ ಮಳೆಮೋಡಗಳಲ್ಲಿ ಇದು ಸಾಮಾನ್ಯ.

ಹೆಚ್ಚಿನ ಸಂದರ್ಭಗಳಲ್ಲಿ ಗಡ್ಡೆ ಕಟ್ಟುವುದು ಶೂನ್ಯದಿಂದ ಮೈನಸ್ 20 ಡಿಗ್ರಿಗಳ ನಡುವೆ. ಅದಕ್ಕಿಂತಲೂ ಚಳಿಯ ಎತ್ತರದಲ್ಲಿ ಮೋಡದ ಬಹುಪಾಲು ಈಗಾಗಲೇ ಹಿಮದ ಹರಳುಗಳಾಗಿರುವುದರಿಂದ ಅವು ರೆಕ್ಕೆಗೆ ಅಂಟದೆ ಸಿಡಿದು ಹೋಗುತ್ತವೆ.

4. ವಿಮಾನಕ್ಕೆ ಆಗುವ ಬಾಧೆ

ಮಂಜುಗಡ್ಡೆಯ ಭಾರದಿಂದ ವಿಮಾನ ಕೆಳಗಿಳಿಯುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ಭಾರವೂ ಒಂದು ಕಾರಣ ಹೌದು. ಆದರೆ ಮುಖ್ಯ ಕಾರಣ ಅದಲ್ಲ. ರೆಕ್ಕೆಯ ನುಣುಪಾದ ಬಾಗಿನ ಮೇಲೆ ಗಾಳಿಯು ಅಂಟಿಕೊಂಡಂತೆ ಹರಿದಾಗ ಮಾತ್ರ ವಿಮಾನವನ್ನು ಮೇಲೆತ್ತುವ ಬಲ ಉಂಟಾಗುತ್ತದೆ. ಗಡ್ಡೆಯು ಆ ಬಾಗನ್ನು ಕೆಡಿಸುತ್ತದೆ. ಮರಳು ಕಾಗದದಷ್ಟು ಒರಟಾದ ತೆಳುಪದರ ಕಟ್ಟಿದರೂ ಎತ್ತುವ ಬಲ ಶೇ. 30ರವರೆಗೆ ಕಡಿಮೆಯಾಗಬಹುದು ಹಾಗೂ ಗಾಳಿಯ ಎಳೆತ ಶೇ. 40ರವರೆಗೆ ಹೆಚ್ಚಾಗಬಹುದು. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಒಂದೇ ನಮೂದಿನಿಂದ ಜಮಾ ಇಳಿದು ಖರ್ಚು ಏರುತ್ತದೆ. ಶಿಲ್ಕು ಬೇಗನೆ ಬರಿದಾಗುತ್ತದೆ.

ಇದರ ಪರಿಣಾಮಗಳು ಈ ಕೆಳಕಂಡಂತಿವೆ:

- ವೇಗ ಕುಗ್ಗುತ್ತದೆ. ಅದೇ ಎತ್ತರದಲ್ಲಿ ಉಳಿಯಲು ಎಂಜಿನ್‌ಗೆ ಹೆಚ್ಚು ಶಕ್ತಿ ಬೇಕಾಗುತ್ತದೆ.
- ರೆಕ್ಕೆಯು ಎತ್ತುವ ಬಲವನ್ನು ಒಮ್ಮೆಗೇ ಕಳೆದುಕೊಳ್ಳುವ ಸ್ಥಿತಿಗೆ ಸ್ಟಾಲ್ ಎಂದು ಹೆಸರು. ಗಡ್ಡೆ ಕಟ್ಟಿದ ರೆಕ್ಕೆಯು ಎಂದಿನದಕ್ಕಿಂತ ಹೆಚ್ಚಿನ ವೇಗದಲ್ಲಿಯೇ ಸ್ಟಾಲ್ ಆಗುತ್ತದೆ. ಎಚ್ಚರಿಕೆಯ ಸಾಧನ ಸದ್ದು ಮಾಡುವ ಮೊದಲೇ ಇದು ಸಂಭವಿಸಬಹುದು.
- ಪ್ರೊಪೆಲ್ಲರ್‌ನ ಎಲೆಗಳ ಮೇಲೆ ಅಸಮವಾಗಿ ಗಡ್ಡೆ ಕಟ್ಟಿದಲ್ಲಿ ವಿಮಾನ ನಡುಗುತ್ತದೆ.
- ವೇಗವನ್ನು ಅಳೆಯುವ ಪಿಟಾಟ್ ಕೊಳವೆಯ ಬಾಯಿ ಮುಚ್ಚಿದಲ್ಲಿ ವೇಗಸೂಚಿಯು ತಪ್ಪು ಅಂಕಿಯನ್ನು ತೋರಿಸುತ್ತದೆ.
- ಮುಂಗಾಜು ಮುಸುಕಾಗುತ್ತದೆ. ರೇಡಿಯೋ ಆಂಟೆನಾಗಳಿಗೂ ಬಾಧೆ ತಟ್ಟಬಹುದು.

ಕಾರ್ಬುರೇಟರ್ ಹೊಂದಿರುವ ಸಣ್ಣ ತರಬೇತಿ ವಿಮಾನಗಳಿಗೆ ಇನ್ನೊಂದು ತೊಂದರೆಯಿದೆ. ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದಲ್ಲಿ, ಹೊರಗೆ 20 ಡಿಗ್ರಿ ಇದ್ದಾಗಲೂ ಕಾರ್ಬುರೇಟರ್‌ನ ಕಂಠದಲ್ಲಿ ಇಂಧನ ಆವಿಯಾಗುವ ತಂಪಿಗೆ ಮಂಜುಗಡ್ಡೆ ಕಟ್ಟಿ ಎಂಜಿನ್ ಸೊರಗಬಹುದು. ಆದ್ದರಿಂದ ಇಂತಹ ವಿಮಾನಗಳಲ್ಲಿ ಕಲಿಯುವ ವಿದ್ಯಾರ್ಥಿಗಳಿಗೆ ಕಾರ್ಬುರೇಟರ್‌ಗೆ ಬಿಸಿಗಾಳಿ ಹಾಯಿಸುವ ಗುಂಡಿಯ ಬಳಕೆಯನ್ನು ಆರಂಭದ ಪಾಠಗಳಲ್ಲಿಯೇ ಕಲಿಸಲಾಗುತ್ತದೆ.

5. ಹಾರಾಟಕ್ಕೆ ಮುನ್ನ ಕೈಗೊಳ್ಳುವ ಕ್ರಮಗಳು

ಮಂಜುಗಡ್ಡೆಯ ನಿರ್ವಹಣೆ ಆರಂಭವಾಗುವುದು ನೆಲದ ಮೇಲೆ. ಭಾರತೀಯ ಹವಾಮಾನ ಇಲಾಖೆಯ ವೈಮಾನಿಕ ಹವಾಮಾನ ಕಚೇರಿಗಳು ನೀಡುವ ಮಾಹಿತಿಯನ್ನು ಪೈಲಟ್ ಪರಿಶೀಲಿಸುತ್ತಾರೆ. ಶೂನ್ಯಮಟ್ಟದ ಎತ್ತರ, ಮಾರ್ಗದಲ್ಲಿರುವ ಮೋಡಗಳ ಬುಡ ಮತ್ತು ತಲೆ, ಗುಡುಗು ಮೋಡಗಳ ಮುನ್ಸೂಚನೆ ಇವುಗಳನ್ನು ಗುರುತು ಮಾಡಿಕೊಳ್ಳುತ್ತಾರೆ. ತೀವ್ರ ಐಸಿಂಗ್ ಸಾಧ್ಯತೆ ಇದ್ದಲ್ಲಿ ಅದಕ್ಕೆಂದೇ ವಿಶೇಷ ಎಚ್ಚರಿಕೆಯನ್ನು ಹೊರಡಿಸಲಾಗುತ್ತದೆ. ಅದೇ ಮಾರ್ಗದಲ್ಲಿ ಸ್ವಲ್ಪ ಮುಂಚೆ ಹಾರಿದ ಪೈಲಟ್‌ಗಳು ರೇಡಿಯೋ ಮೂಲಕ ನೀಡಿದ ವರದಿಗಳಿಗೂ ಮಹತ್ವ ನೀಡಲಾಗುತ್ತದೆ.

ವಿಮಾನವು ಐಸಿಂಗ್ ಪರಿಸ್ಥಿತಿಯಲ್ಲಿ ಹಾರಲು ಪ್ರಮಾಣಿತವಾಗಿದೆಯೇ ಎಂಬುದು ಮುಂದಿನ ಪ್ರಶ್ನೆ. ಪ್ರಮಾಣಿತವಲ್ಲದ ವಿಮಾನವನ್ನು ತಿಳಿದು ತಿಳಿದು ಅಂತಹ ಮೋಡದೊಳಗೆ ಒಯ್ಯುವಂತಿಲ್ಲ. ಪ್ರಮಾಣಿತ ವಿಮಾನಕ್ಕೂ ಮಿತಿಯಿದೆ. ತೀವ್ರ ಐಸಿಂಗ್ ಎಂದರೆ, ವಿಮಾನದ ಸಾಧನಗಳು ತೆಗೆದುಹಾಕುವುದಕ್ಕಿಂತ ವೇಗವಾಗಿ ಗಡ್ಡೆ ಕಟ್ಟುವ ಸ್ಥಿತಿ. ಅದರಲ್ಲಿ ಮುಂದುವರಿಯಲು ಯಾವ ವಿಮಾನಕ್ಕೂ ಪ್ರಮಾಣಪತ್ರ ಇರುವುದಿಲ್ಲ.

6. ವಿಮಾನದಲ್ಲಿರುವ ಸಾಧನಗಳು

ಸಾಧನಗಳಲ್ಲಿ ಎರಡು ವರ್ಗಗಳಿವೆ. ಗಡ್ಡೆ ಕಟ್ಟದಂತೆ ತಡೆಯುವವು ಒಂದು. ಕಟ್ಟಿದ ಗಡ್ಡೆಯನ್ನು ಒಡೆದು ಉದುರಿಸುವವು ಇನ್ನೊಂದು.

(ಅ) ಬಿಸಿಗಾಳಿ: ಏರ್‌ಬಸ್ 320, ಬೋಯಿಂಗ್ 737 ಮುಂತಾದ ಜೆಟ್ ವಿಮಾನಗಳಲ್ಲಿ ಎಂಜಿನ್‌ನ ಒಳಗಿನಿಂದ ಬಿಸಿಗಾಳಿಯನ್ನು ಸೆಳೆದು ರೆಕ್ಕೆಯ ಮುಂದಿನ ಅಂಚಿಗೂ ಎಂಜಿನ್‌ನ ಬಾಯಿಗೂ ಹಾಯಿಸಲಾಗುತ್ತದೆ.

(ಆ) ರಬ್ಬರ್ ಚೀಲ: ಎಟಿಆರ್ 72 ಮುಂತಾದ ಪ್ರೊಪೆಲ್ಲರ್ ವಿಮಾನಗಳಲ್ಲಿ ರೆಕ್ಕೆಯ ಹಾಗೂ ಬಾಲದ ಮುಂದಿನ ಅಂಚಿಗೆ ಕಪ್ಪು ರಬ್ಬರ್ ಹೊದಿಕೆ ಇರುತ್ತದೆ. ನಿಗದಿತ ಅವಧಿಗೊಮ್ಮೆ ಅದರೊಳಗೆ ಗಾಳಿ ತುಂಬಿ ಉಬ್ಬಿಸಿ ಇಳಿಸಿದಾಗ ಮೇಲಿನ ಗಡ್ಡೆ ಬಿರಿದು ಗಾಳಿಗೆ ಹಾರಿಹೋಗುತ್ತದೆ. ಹುಬ್ಬಳ್ಳಿಯಿಂದ ಹಾರಾಟ ನಡೆಸಿರುವ ಎಟಿಆರ್ ವಿಮಾನಗಳ ರೆಕ್ಕೆಯ ಅಂಚಿನಲ್ಲಿ ಕಾಣುವ ಕಪ್ಪು ಪಟ್ಟಿ ಇದೇ ಆಗಿದೆ.

(ಇ) ವಿದ್ಯುತ್ ಬಿಸಿ: ಪ್ರೊಪೆಲ್ಲರ್ ಎಲೆಗಳು, ಮುಂಗಾಜು ಮತ್ತು ಪಿಟಾಟ್ ಕೊಳವೆಗಳನ್ನು ವಿದ್ಯುತ್ತಿನಿಂದ ಬಿಸಿಯಾಗಿಡಲಾಗುತ್ತದೆ.

(ಈ) ದ್ರವ: ಕೆಲವು ಸಣ್ಣ ವಿಮಾನಗಳಲ್ಲಿ ರೆಕ್ಕೆಯ ಅಂಚಿನ ಸೂಕ್ಷ್ಮ ರಂಧ್ರಗಳಿಂದ ಗ್ಲೈಕಾಲ್ ದ್ರವವನ್ನು ಒಸರಿಸಿ ನೀರು ಹೆಪ್ಪುಗಟ್ಟದಂತೆ ತಡೆಯಲಾಗುತ್ತದೆ.

ವಿಮಾನದ ಮೂತಿಯಲ್ಲಿರುವ ಹವಾಮಾನ ರಾಡಾರ್ ದೊಡ್ಡ ಮಳೆಹನಿಗಳನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಗಡ್ಡೆಗೆ ಕಾರಣವಾಗುವ ಸೂಕ್ಷ್ಮ ಹನಿಗಳನ್ನೂ ಹಿಮದ ಹರಳುಗಳನ್ನೂ ಅಷ್ಟು ಸ್ಪಷ್ಟವಾಗಿ ತೋರಿಸಲಾರದು. ಆದ್ದರಿಂದ ರಾಡಾರ್ ಪರದೆ ಖಾಲಿಯಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದು ಪೈಲಟ್ ಭಾವಿಸುವಂತಿಲ್ಲ.

7. ಹಾರಾಟದಲ್ಲಿ ಅನುಸರಿಸುವ ಕ್ರಮ

ಗಡ್ಡೆ ಕಾಣುವ ಮುನ್ನವೇ ಕ್ರಮ ಆರಂಭವಾಗುತ್ತದೆ. ಅದು ಸಾಮಾನ್ಯವಾಗಿ ಈ ಕೆಳಕಂಡ ಅನುಕ್ರಮದಲ್ಲಿರುತ್ತದೆ:

1) ಎರಡು ಷರತ್ತುಗಳ ಪರಿಶೀಲನೆ: ಉಷ್ಣಾಂಶವು ನಿಗದಿತ ಮಿತಿಗಿಂತ ಕಡಿಮೆ ಇದೆಯೇ? ಮೋಡ, ಮಳೆ ಅಥವಾ ಮಂಜಿನ ರೂಪದಲ್ಲಿ ತೇವ ಕಣ್ಣಿಗೆ ಕಾಣುತ್ತಿದೆಯೇ? ಹಲವು ಜೆಟ್ ವಿಮಾನಗಳಿಗೆ ಈ ಮಿತಿಯು 10 ಡಿಗ್ರಿ. ಎರಡೂ ಷರತ್ತು ಕೂಡಿಬಂದಲ್ಲಿ, ಗಡ್ಡೆ ಕಾಣದಿದ್ದರೂ ಎಂಜಿನ್‌ನ ಬಿಸಿಗಾಳಿಯನ್ನು ಚಾಲನೆಗೊಳಿಸಲಾಗುತ್ತದೆ. ಎಂಜಿನ್‌ನ ಬಾಯಿಯಲ್ಲಿ ಗಾಳಿ ಹಿಗ್ಗಿ ತಂಪಾಗುವುದರಿಂದ ಹೊರಗೆ ಶೂನ್ಯಕ್ಕಿಂತ ಮೇಲಿದ್ದರೂ ಅಲ್ಲಿ ಗಡ್ಡೆ ಕಟ್ಟಬಹುದೆಂಬುದು ಇದಕ್ಕೆ ಕಾರಣ.

2) ಕಣ್ಗಾವಲು: ಮುಂಗಾಜಿನ ಒರೆಸುಗಡ್ಡಿ, ರೆಕ್ಕೆಯ ಅಂಚು ಹಾಗೂ ಗಡ್ಡೆಯನ್ನು ಮೊದಲು ತೋರಲೆಂದೇ ಅಳವಡಿಸಿದ ಚಿಕ್ಕ ಸೂಚಕದ ಮೇಲೆ ನಿಗಾ ಇಡಲಾಗುತ್ತದೆ. ರಾತ್ರಿ ವೇಳೆ ಇದಕ್ಕೆಂದು ದೀಪವಿರುತ್ತದೆ. ಕಾರಣವಿಲ್ಲದೆ ವೇಗ ಕುಸಿಯುವುದು, ವಿಮಾನ ಸಣ್ಣಗೆ ನಡುಗುವುದು ಗಡ್ಡೆಯ ಮೊದಲ ಸುಳಿವುಗಳು.

3) ಸಾಧನಗಳ ಬಳಕೆ: ರಬ್ಬರ್ ಚೀಲಗಳನ್ನು ಗಡ್ಡೆ ದಪ್ಪವಾದ ಮೇಲೆ ಉಬ್ಬಿಸಬೇಕೆಂಬ ನಂಬಿಕೆ ಹಿಂದೆ ಇತ್ತು. ಇಂದಿನ ವಿಮಾನಗಳಲ್ಲಿ ಗಡ್ಡೆಯ ಮೊದಲ ಸುಳಿವಿಗೇ ಚಾಲನೆಗೊಳಿಸಿ, ಸಂಪೂರ್ಣ ಹೊರಬರುವವರೆಗೆ ಚಾಲನೆಯಲ್ಲಿಡುವುದು ಸರಿಯಾದ ಕ್ರಮ.

4) ವೇಗ: ಐಸಿಂಗ್ ಪರಿಸ್ಥಿತಿಗೆ ಪ್ರತ್ಯೇಕವಾದ, ಹೆಚ್ಚಿನ ಕನಿಷ್ಠ ವೇಗವನ್ನು ನಿಗದಿಪಡಿಸಲಾಗಿರುತ್ತದೆ. ಅದಕ್ಕಿಂತ ಕೆಳಗೆ ವೇಗವನ್ನು ಇಳಿಯಗೊಡುವುದಿಲ್ಲ.

5) ಆಟೊಪೈಲಟ್: ಗಡ್ಡೆಯಿಂದ ವಿಮಾನವು ಒಂದು ಬದಿಗೆ ವಾಲತೊಡಗಿದರೂ ಆಟೊಪೈಲಟ್ ಅದನ್ನು ಸರಿದೂಗಿಸುತ್ತಾ ಮರೆಮಾಚುತ್ತದೆ. ಅದರ ಶಕ್ತಿ ಮೀರಿದಾಗ ಒಮ್ಮೆಗೇ ಕೈಬಿಡುತ್ತದೆ. ಆದ್ದರಿಂದ ತೀವ್ರ ಐಸಿಂಗ್ ಕಂಡುಬಂದಲ್ಲಿ ಪೈಲಟ್ ನಿಯಂತ್ರಣ ಹಿಡಿಯನ್ನು ಭದ್ರವಾಗಿ ಹಿಡಿದು ಆಟೊಪೈಲಟ್ ಅನ್ನು ತೆಗೆದು, ತಾವೇ ವಿಮಾನವನ್ನು ನಡೆಸಬೇಕಾಗುತ್ತದೆ.

6) ನಿರ್ಗಮನ: ಸಾಧನಗಳು ಇರುವುದು ಆ ಮೋಡದಲ್ಲಿ ತಂಗಲು ಅಲ್ಲ; ಅಲ್ಲಿಂದ ಹೊರಬರಲು ಬೇಕಾದ ಸಮಯವನ್ನು ಗಳಿಸಿಕೊಡಲು. ಪೈಲಟ್ ವಾಯು ಸಂಚಾರ ನಿಯಂತ್ರಣಕ್ಕೆ ವಿಷಯ ತಿಳಿಸಿ, ಕೆಳಗಿನ ಬೆಚ್ಚನೆಯ ಗಾಳಿಗೆ ಇಳಿಯುತ್ತಾರೆ, ಅಥವಾ ಬಂದ ದಾರಿಗೆ ಹಿಂದಿರುಗುತ್ತಾರೆ, ಅಥವಾ ವಿಮಾನಕ್ಕೆ ಶಕ್ತಿಯಿದ್ದಲ್ಲಿ ಮೋಡದ ಮೇಲಕ್ಕೆ ಏರುತ್ತಾರೆ.

7) ಇಳಿಯುವಾಗ: ಗಡ್ಡೆ ಉಳಿದಿದ್ದಲ್ಲಿ ಹೆಚ್ಚಿನ ವೇಗದಲ್ಲಿ ಇಳಿಯಬೇಕಾಗುತ್ತದೆ. ಅದಕ್ಕೆ ತಕ್ಕಷ್ಟು ಉದ್ದದ ರನ್‌ವೇ ಇದೆಯೇ ಎಂಬುದನ್ನೂ ಲೆಕ್ಕ ಹಾಕಲಾಗುತ್ತದೆ.

ಈ ವಿಷಯದಲ್ಲಿ ನಮ್ಮ ಭಾಗಕ್ಕೆ ನಿಸರ್ಗ ನೀಡಿರುವ ಅನುಕೂಲವೊಂದಿದೆ. ಶೂನ್ಯಮಟ್ಟಕ್ಕೂ ನೆಲಕ್ಕೂ ನಡುವೆ ಇಲ್ಲಿ 4 ಕಿ.ಮೀ.ಗೂ ಹೆಚ್ಚು ಬೆಚ್ಚನೆಯ ಗಾಳಿಯಿದೆ. ಇಳಿದರೆ ಗಡ್ಡೆ ಕರಗುತ್ತದೆ. ಹಿಮಾಲಯದಲ್ಲಾದರೋ ಪರ್ವತಗಳೇ ಆ ಮಟ್ಟಕ್ಕಿಂತ ಮೇಲಿರುವುದರಿಂದ ಇಳಿಯಲು ಸ್ಥಳವಿಲ್ಲ. ಶೀತ ದೇಶಗಳ ಚಳಿಗಾಲದಲ್ಲಿ ನೆಲದವರೆಗೂ ಶೂನ್ಯಕ್ಕಿಂತ ಕೆಳಗಿರುವುದರಿಂದ ಇಳಿದರೂ ಕರಗುವುದಿಲ್ಲ.

8. ಅಪಘಾತಗಳು ಕಲಿಸಿದ ಪಾಠ

ಮೇಲ್ಕಂಡ ನಿಯಮಗಳ ಹಿಂದೆ ಕಳೆದುಹೋದ ಜೀವಗಳಿವೆ.

ದಿನಾಂಕ 31.10.1994ರಂದು ಅಮೆರಿಕದ ಇಂಡಿಯಾನಾ ರಾಜ್ಯದ ರೋಸ್‌ಲಾನ್ ಬಳಿ ಎಟಿಆರ್ 72 ವಿಮಾನವೊಂದು ಇಳಿಯುವ ಸರದಿಗಾಗಿ ಆಗಸದಲ್ಲಿ ಸುತ್ತುತ್ತಿತ್ತು. ದೊಡ್ಡ ಗಾತ್ರದ ಅತಿಶೀತಲ ಹನಿಗಳು ರಬ್ಬರ್ ಚೀಲವನ್ನು ದಾಟಿ ಹಿಂದಕ್ಕೆ ಹರಿದು, ಚೀಲ ತಲುಪದ ಜಾಗದಲ್ಲಿ ಗಡ್ಡೆಯ ಏರಿಯನ್ನು ಕಟ್ಟಿದವು. ವಿಮಾನ ಹಠಾತ್ತನೆ ಮಗುಚಿ 68 ಜನರು ಮೃತಪಟ್ಟರು. ಆನಂತರ ಈ ಮಾದರಿಯ ವಿಮಾನಗಳ ರಬ್ಬರ್ ಚೀಲಗಳನ್ನು ವಿಸ್ತರಿಸಲಾಯಿತು. ಆಟೊಪೈಲಟ್ ಕುರಿತ ನಿಯಮಗಳೂ ಬಿಗಿಯಾದವು.

ದಿನಾಂಕ 01.06.2009ರಂದು ರಿಯೊ ಡಿ ಜನೈರೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನದ ಪಿಟಾಟ್ ಕೊಳವೆಗಳು ಅಟ್ಲಾಂಟಿಕ್ ಸಾಗರದ ಮೇಲೆ ಹಿಮದ ಹರಳುಗಳಿಂದ ಮುಚ್ಚಿಕೊಂಡವು. ವೇಗದ ಅಂಕಿ ತಪ್ಪಿದ್ದು ಒಂದು ನಿಮಿಷದೊಳಗೇ ಸರಿಹೋಗಬಹುದಾದ ತೊಂದರೆಯಾಗಿತ್ತು. ಆದರೆ ಆಟೊಪೈಲಟ್ ಕೈಬಿಟ್ಟ ಗಲಿಬಿಲಿಯಲ್ಲಿ ವಿಮಾನದ ಮೂತಿಯನ್ನು ಮೇಲಕ್ಕೆತ್ತಿದ್ದರಿಂದ ಅದು ಸ್ಟಾಲ್ ಆಗಿ ಸಾಗರಕ್ಕೆ ಬಿದ್ದು 228 ಜನರು ಮೃತಪಟ್ಟರು. ವೇಗಸೂಚಿ ನಂಬಿಕೆಗೆ ಅರ್ಹವಲ್ಲದಾಗ ಮೂತಿಯ ಕೋನವನ್ನೂ ಎಂಜಿನ್ ಶಕ್ತಿಯನ್ನೂ ಗೊತ್ತುಪಡಿಸಿದ ಅಳತೆಯಲ್ಲಿಟ್ಟು ಕಾಯಬೇಕೆಂಬ ತರಬೇತಿಗೆ ಆನಂತರ ಹೆಚ್ಚಿನ ಒತ್ತು ನೀಡಲಾಗಿದೆ.

ದಿನಾಂಕ 09.08.2024ರಂದು ಬ್ರೆಜಿಲ್ ದೇಶದ ಸಾವೊ ಪಾಲೊ ರಾಜ್ಯದಲ್ಲಿ ಇನ್ನೊಂದು ಎಟಿಆರ್ 72 ವಿಮಾನ ಬಿದ್ದು 62 ಜನರು ಮೃತಪಟ್ಟರು. ಮಾರ್ಗದಲ್ಲಿ ತೀವ್ರ ಐಸಿಂಗ್ ಮುನ್ಸೂಚನೆ ಇದ್ದುದು ಹಾಗೂ ಗಡ್ಡೆ ಉದುರಿಸುವ ವ್ಯವಸ್ಥೆಯು ಹಲವು ಬಾರಿ ಚಾಲನೆಗೊಂಡು ನಿಂತದ್ದು ಪ್ರಾಥಮಿಕ ವರದಿಯಲ್ಲಿ ದಾಖಲಾಗಿದೆ. ಬ್ರೆಜಿಲ್ ಹಿಮ ಸುರಿಯುವ ಶೀತದೇಶವೇನಲ್ಲ. ಬಿಸಿಲಿನ ನಾಡಿಗೂ ಈ ಅಪಾಯ ತಪ್ಪಿದ್ದಲ್ಲ ಎಂಬುದಕ್ಕೆ ಇದು ನಿದರ್ಶನ.

9. ಮೋಡಬಿತ್ತನೆ ವಿಮಾನದ ವಿಶೇಷ ಸ್ಥಿತಿ

ಪ್ರಯಾಣಿಕ ವಿಮಾನವು ಅತಿಶೀತಲ ಮೋಡವನ್ನು ಬಳಸಿಕೊಂಡು ಹೋಗುತ್ತದೆ ಅಥವಾ ಬೇಗನೆ ದಾಟುತ್ತದೆ. ಮೋಡಬಿತ್ತನೆ ವಿಮಾನವು ಅಂತಹ ಮೋಡವನ್ನು ಹುಡುಕಿಕೊಂಡೇ ಹೋಗಬೇಕಾಗುತ್ತದೆ. ಬಿತ್ತನೆಯಲ್ಲಿ ಎರಡು ವಿಧಾನಗಳಿವೆ.

ಮೊದಲನೆಯದು ಮೋಡದ ಬುಡದಲ್ಲಿ ಮಾಡುವ ಬಿತ್ತನೆ. ಕ್ಯಾಲ್ಸಿಯಂ ಕ್ಲೋರೈಡ್‌ನಂತಹ ತೇವ ಹೀರುವ ಲವಣಗಳ ಹೊಗೆಯನ್ನು ಮೇಲೇಳುವ ಗಾಳಿಗೆ ಬಿಡಲಾಗುತ್ತದೆ. ಇಲ್ಲಿ ವಿಮಾನವು ಶೂನ್ಯಮಟ್ಟಕ್ಕಿಂತ ಬಹಳ ಕೆಳಗಿರುವುದರಿಂದ ರೆಕ್ಕೆಗೆ ಗಡ್ಡೆ ಕಟ್ಟುವ ಪ್ರಶ್ನೆ ಏಳುವುದಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯು ನಮ್ಮ ಗಡಿಗೆ ಹೊಂದಿಕೊಂಡಿರುವ ಸೊಲ್ಲಾಪುರದಲ್ಲಿ 2018 ಮತ್ತು 2019ರ ಮುಂಗಾರಿನಲ್ಲಿ ಪ್ರಯೋಗ ನಡೆಸಿದ್ದು ಈ ವಿಧಾನದಲ್ಲಿ. ಆ ಪ್ರಯೋಗದಲ್ಲಿ 276 ಮೋಡಗಳನ್ನು ಅಧ್ಯಯನ ಮಾಡಿ, 100 ಚದರ ಕಿ.ಮೀ. ಪ್ರದೇಶದಲ್ಲಿ ಸರಾಸರಿ ಶೇ. 18ರಷ್ಟು ಹೆಚ್ಚುವರಿ ಮಳೆಯಾದುದನ್ನು ಸಂಸ್ಥೆಯು ಪ್ರಕಟಿಸಿದೆ.

ಎರಡನೆಯದು ಮೋಡದ ತಲೆಯ ಬಳಿ ಸಿಲ್ವರ್ ಅಯೋಡೈಡ್ ಬಳಸಿ ಮಾಡುವ ಬಿತ್ತನೆ. ಇದಕ್ಕೆ ಸುಮಾರು ಮೈನಸ್ 5ರಿಂದ ಮೈನಸ್ 15 ಡಿಗ್ರಿ ಇರುವ ಭಾಗ ಬೇಕು. ಮೇಲೆ ಹೇಳಿದ ಲೆಕ್ಕದಂತೆ ನಮ್ಮಲ್ಲಿ ಇದು ಸುಮಾರು 6ರಿಂದ 7 ಕಿ.ಮೀ. ಎತ್ತರ. ಐಸಿಂಗ್ ಬಲವಾಗಿರುವುದೂ ಇದೇ ಪಟ್ಟಿಯಲ್ಲಿ. ಆದ್ದರಿಂದ ಪೈಲಟ್ ಮೋಡದ ನಡುವೆ ನುಗ್ಗುವುದಿಲ್ಲ. ಹೊಸದಾಗಿ ಮೇಲೇಳುತ್ತಿರುವ ಮೋಡದ ಅಂಚನ್ನೋ ತಲೆಯನ್ನೋ ಸವರಿಕೊಂಡು ಹೋಗುತ್ತಾರೆ. ಕೆಲವು ಸುತ್ತುಗಳ ನಂತರ ರೆಕ್ಕೆಯ ಮೇಲೆ ಗಡ್ಡೆ ಶೇಖರವಾದಲ್ಲಿ ಬೆಚ್ಚನೆಯ ಗಾಳಿಗೆ ಇಳಿದು, ಕರಗಿಸಿಕೊಂಡು, ಪುನಃ ಏರುತ್ತಾರೆ. ಮೋಡವು ಗುಡುಗು ಸಿಡಿಲಿನ ಹಂತಕ್ಕೆ ಬೆಳೆದಿದ್ದಲ್ಲಿ ಅದರ ಹತ್ತಿರ ಸುಳಿಯುವುದಿಲ್ಲ. ಆಲಿಕಲ್ಲು, ಪ್ರಬಲ ಏರುಗಾಳಿ ಮತ್ತು ತೀವ್ರ ಐಸಿಂಗ್ ಮೂರೂ ಅಲ್ಲಿ ಒಟ್ಟಿಗೆ ಇರುತ್ತವೆ.

ನೆಲದಿಂದ ನೋಡುವವರಿಗೆ ಅತಿ ಕಪ್ಪಾಗಿ ಕಾಣುವ ಮೋಡ ಹೆಚ್ಚಾಗಿ ಈ ಕೊನೆಯ ವರ್ಗಕ್ಕೆ ಸೇರಿರುತ್ತದೆ. ವಿಮಾನವು ಅದನ್ನು ಬಿಟ್ಟು ಪಕ್ಕದ ಸಣ್ಣ ಮೋಡಕ್ಕೆ ಹೋಗುವುದಕ್ಕೆ ಇದೇ ಕಾರಣ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಿಮಾನವು ಬಿತ್ತದೆ ಹಿಂದಿರುಗಿದಲ್ಲಿ ಅದನ್ನು ಕರ್ತವ್ಯಲೋಪವೆಂದು ಪರಿಗಣಿಸಬಹುದೇ?
ಉತ್ತರ: ಹಾಗೆ ಪರಿಗಣಿಸಲಾಗದು. ಹಿಂದಿರುಗುವ ನಿರ್ಧಾರ ಪೈಲಟ್‌ಗೆ ಸೇರಿದ್ದು. ಹಾರಾಟದ ಸುರಕ್ಷತೆಯ ವಿಷಯದಲ್ಲಿ ವಿಮಾನದ ಮುಖ್ಯ ಪೈಲಟ್‌ನ ತೀರ್ಮಾನವೇ ಅಂತಿಮ. ನೆಲದ ಮೇಲಿರುವ ಯಾವ ಅಧಿಕಾರಿಯೂ ಮೋಡದೊಳಗೆ ಹೋಗುವಂತೆ ಒತ್ತಾಯಿಸುವಂತಿಲ್ಲ.

ಪ್ರಶ್ನೆ: ಆಕಾಶದಲ್ಲಿ ಮೋಡವೇ ಇಲ್ಲದಾಗ ಬಿತ್ತನೆ ಸಾಧ್ಯವೇ?
ಉತ್ತರ: ಸಾಧ್ಯವಿಲ್ಲ. ಬಿತ್ತನೆಯು ಇರುವ ಮೋಡದಿಂದ ಹೆಚ್ಚು ಮಳೆ ಪಡೆಯುವ ಪ್ರಯತ್ನವೇ ಹೊರತು ಮೋಡವನ್ನು ಸೃಷ್ಟಿಸುವುದಿಲ್ಲ.

ಪ್ರಶ್ನೆ: ವಿಮಾನದಲ್ಲಿ ಪ್ರಯಾಣಿಸುವಾಗ ರೆಕ್ಕೆಯ ಅಂಚಿನಲ್ಲಿ ಬಿಳಿಯ ಪದರ ಕಂಡಲ್ಲಿ ಗಾಬರಿಪಡಬೇಕೇ?
ಉತ್ತರ: ಗಾಬರಿಪಡುವ ಅಗತ್ಯವಿಲ್ಲ. ತೆಳುವಾದ ಪದರ ಕಟ್ಟುವುದು, ಸಾಧನ ಚಾಲನೆಗೊಂಡಾಗ ಉದುರುವುದು ಸಾಮಾನ್ಯ ಸಂಗತಿ. ಸಂದೇಹವಿದ್ದಲ್ಲಿ ವಿಮಾನದ ಸಿಬ್ಬಂದಿಗೆ ತಿಳಿಸಬಹುದು.

ಪ್ರಶ್ನೆ: ಹವಾಮಾನದ ಕಾರಣದಿಂದ ವಿಮಾನವು ತಡವಾದಲ್ಲಿ ಅಥವಾ ಬೇರೆ ನಿಲ್ದಾಣಕ್ಕೆ ಹೋದಲ್ಲಿ ಅದು ಪೈಲಟ್‌ನ ಅಸಾಮರ್ಥ್ಯವೇ?
ಉತ್ತರ: ಅಲ್ಲ. ಸುತ್ತು ಬಳಸಿ ಹೋಗುವುದು, ಕಾಯುವುದು, ಹಿಂದಿರುಗುವುದು ಮೂರೂ ತರಬೇತಿಯ ಭಾಗವೇ ಆಗಿವೆ.

11. ಅರ್ಜಿದಾರರ ಗಮನಕ್ಕೆ

ಮಳೆಯ ಕೊರತೆಗೆ ಸಂಬಂಧಿಸಿದ ಮನವಿ ಸಲ್ಲಿಸುವ ನಾಗರಿಕರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು:

(1) ಬಿತ್ತನೆ ವಿಮಾನವು ಯಾವ ಮೋಡಕ್ಕೆ ಹೋಗಬೇಕೆಂಬುದು ಆ ದಿನದ ರಾಡಾರ್ ಮಾಹಿತಿ ಹಾಗೂ ಹಾರಾಟದ ಸುರಕ್ಷತೆಯನ್ನು ಅವಲಂಬಿಸಿರುತ್ತದೆ. ಮನವಿ ಸಲ್ಲಿಸಿದ ಗ್ರಾಮಗಳ ಕ್ರಮಾಂಕದಂತೆ ಅದನ್ನು ನಿರ್ಧರಿಸಲು ಬರುವುದಿಲ್ಲ.

(2) ಬರ ಘೋಷಣೆಯು ಮಳೆಯ ಕೊರತೆ, ಮಳೆಯಿಲ್ಲದ ಅವಧಿ, ಬೆಳೆಯ ಸ್ಥಿತಿ, ಮಣ್ಣಿನ ತೇವಾಂಶ ಮುಂತಾದ ಮಾನದಂಡಗಳನ್ನು ಆಧರಿಸಿದೆ. ವಿಮಾನ ಬಂದಿತ್ತೇ ಇಲ್ಲವೇ ಎಂಬುದು ಅದಕ್ಕೆ ಆಧಾರವಲ್ಲ. ಬಿತ್ತನೆ ನಡೆದಿದೆ ಎಂಬ ಕಾರಣಕ್ಕೆ ತಮ್ಮ ಹಕ್ಕು ಕಡಿಮೆಯಾಗುವುದೂ ಇಲ್ಲ.

(3) ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ಮನವಿಯಲ್ಲಿ ತಮ್ಮ ಪಂಚಾಯಿತಿಯ ಮಳೆಯ ಅಂಕಿಯನ್ನೂ ಮಳೆ ತಪ್ಪಿದ ದಿನಗಳ ವಿವರವನ್ನೂ ನಮೂದಿಸಿದಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ.

(4) ಬೆಳೆ ವಿಮೆ ಮಾಡಿಸಿರುವ ರೈತರು ಆಲಿಕಲ್ಲು ಮಳೆಯಿಂದ ಬೆಳೆ ಹಾನಿಯಾದಲ್ಲಿ 72 ಗಂಟೆಗಳೊಳಗಾಗಿ ಮಾಹಿತಿ ನೀಡುವುದು ಅತ್ಯಗತ್ಯ. ಹೆಚ್ಚಿನ ವಿವರಗಳಿಗೆ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸುವುದು.

ಮುಕ್ತಾಯ

ಮಳೆಗಾಗಿ ಕಾದಿರುವ ರೈತನಿಗೆ ತಲೆಯ ಮೇಲಿನ ವಿಮಾನ ಹಿಂದಿರುಗಿ ಹೋಗುವುದನ್ನು ನೋಡುವುದು ನೋವಿನ ಸಂಗತಿಯೇ ಸರಿ. ಆ ನೋವನ್ನು ಅಲ್ಲಗಳೆಯುವುದು ಈ ಮಾಹಿತಿಯ ಉದ್ದೇಶವಲ್ಲ. ಆದರೆ ಒಣಗುತ್ತಿರುವ ಹೆಸರು ಬೆಳೆಯ ಮೇಲೆ ಹನಿಯಾಗಿ ಬೀಳಬೇಕಾದ ನೀರೇ ಆ ಎತ್ತರದಲ್ಲಿ ರೆಕ್ಕೆಯ ಮೇಲೆ ಕಲ್ಲಾಗಿ ಕಟ್ಟುತ್ತಿರುತ್ತದೆ. ಹಿಂದಿರುಗಿದ ವಿಮಾನ ಮರುದಿನ ಇನ್ನೊಂದು ಮೋಡಕ್ಕೆ ಹೋಗಬಲ್ಲದು. ಸಾರ್ವಜನಿಕರು ಈ ಅಂಶವನ್ನು ಮನಗಂಡು ಸಹಕರಿಸಬೇಕೆಂದು ಕೋರಲಾಗಿದೆ.

ಸೂಚನೆ: ಈ ಪುಟವು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇರುತ್ತದೆ. ವಿಮಾನ ಹಾರಾಟದ ತಾಂತ್ರಿಕ ನಿಯಮಗಳಿಗೆ ಸಂಬಂಧಿಸಿದಂತೆ ನಾಗರಿಕ ವಿಮಾನಯಾನ ಮಹಾ ನಿರ್ದೇಶನಾಲಯದ ಆದೇಶಗಳು ಹಾಗೂ ಆಯಾ ವಿಮಾನದ ಅಧಿಕೃತ ಕೈಪಿಡಿಗಳೇ ಅಂತಿಮವಾಗಿರುತ್ತವೆ.